ಒಂದನ್ನೂ ಬಿಡದೆ

ಸರ್ಕಾರದ ಮುಖ್ಯ ವಕೀಲರನ್ನು ಆ ಕಚೇರಿಯಲ್ಲಿ ದೊಡ್ಡ ಸಾಹೇಬರು ಅನ್ನುತ್ತಿದ್ದರು, ಅವರ ಕೈಕೆಳಗಿನ ಉಪ ವಕೀಲರನ್ನು ಚಿಕ್ಕ ಸಾಹೇಬರು. ದೊಡ್ಡವರು ಕಣ್ಣಿನ ಆಪರೇಷನ್ನಿಗೆ ಹೊರಟಾಗ ತಮ್ಮ ಅಧಿಕಾರವನ್ನು ಚಿಕ್ಕವರಿಗೆ ವಹಿಸಿಕೊಡಬೇಕಾಯಿತು. "ಒಂದೆರಡು ವಿಷಯ ನನ್ನ ಹತ್ರಾನೇ ಇರ್ಲೇನ್ರೀ?" ಎಂದು ಕೇಳಿದ್ದರು ಕೂಡ. ಆದರೆ ಚಿಕ್ಕ ಸಾಹೇಬರಿಗೆ ಆ ಕುರ್ಚಿಯ ಮೇಲೆ ಎಷ್ಟು ವರ್ಷದ ಕಣ್ಣೋ! "ನೀವು ನಿಶ್ಚಿಂತೆಯಾಗಿ ಹೋಗಿಬನ್ನಿ ಸಾರ್" ಎಂದು ಆದೇಶವನ್ನು ತಾವೇ ಬರೆದು, 'ಸಕಲ ಅಧಿಕಾರಗಳನ್ನೂ, ಒಂದನ್ನೂ ಬಿಡದೆ' ಎಂದು ಸೇರಿಸಿ, ಸಹಿ ಹಾಕಿಸಿಕೊಂಡರು. ಅನುಭವಿಸಲಿ ಈಗ.

ಕುರ್ಚಿ ಬೆಚ್ಚಗಾಗುವ ಮೊದಲೇ ಗುಮಾಸ್ತೆ ಕಡತ ತಂದಿಟ್ಟಳು.

"ಸೇತುವೆ ಕೇಸು ಸಾರ್. ಮೇಲ್ಮನವಿಗೆ ಇವತ್ತೇ ಕಡೇ ದಿನ. ನಿಮ್ಮ ಸಹಿ ಬೀಳದಿದ್ರೆ ಕೇಸು ಅಲ್ಲಿಗೆ ಮುಗೀತು."

ಚಿಕ್ಕ ಸಾಹೇಬರು ಕಡತವನ್ನು ದೂರ ಸರಿಸಿದರು. ಹೊಸ ಸೇತುವೆ ಕುಸಿದು ಬಸ್ಸು ಹೊಳೆಗೆ ಬಿದ್ದ ಕೇಸು ಅದು. ಸೇತುವೆ ಗಟ್ಟಿಯಾಗಿದೆಯೆಂದು ಒಪ್ಪಿಗೆ ಕೊಟ್ಟ ಎಂಜಿನಿಯರು ಇವರ ಸ್ವಂತ ಬಾವ, ಅಕ್ಕನ ಗಂಡ. ಕೆಳಗಿನ ಕೋರ್ಟು ಬಾವನನ್ನು ಬಿಟ್ಟು ಕಳಿಸಿತ್ತು. ಕಡತ ದೊಡ್ಡವರ ಬಳಿಯೇ ಇದ್ದುದರಿಂದ ಇವರು ಅತ್ತ ತಲೆ ಹಾಕಿರಲಿಲ್ಲ. ಈಗ ಓದಿದರು. ಕೆಲಸಗಾರರೆಲ್ಲ ಒಂದೇ ಮಾತು ಹೇಳಿದ್ದರು: ಒಪ್ಪಿಗೆ ಕೊಡುವ ಮುಂಚೆ ಎಂಜಿನಿಯರು ಆ ಕಡೆ ಸುಳಿದೇ ಇಲ್ಲ.

'ಸಂಬಂಧಿಕರ ಕೇಸು, ನನ್ನನ್ನು ಇದರಿಂದ ಬಿಡಿಸಿ' ಎಂದು ಮುಖ್ಯ ವಕೀಲರಿಗೆ ಮನವಿ ಬರೆದು ಕಳಿಸಿದರು. ಅದು ಒಂದು ಸುತ್ತು ಹಾಕಿ ಇವರ ಮೇಜಿಗೇ ಬಂತು. ಆಸ್ಪತ್ರೆಗೆ ಫೋನು ಮಾಡಿದರು.

"ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಕಣ್ರೀ, ನಾನೇನು ಸಹಿ ಹಾಕ್ಲಿ?" ಎಂದರು ದೊಡ್ಡ ಸಾಹೇಬರು. "ನಿಮ್ಮನ್ನ ಬಿಡಿಸೋ ಅಧಿಕಾರಾನೂ ಈಗ ನಿಮ್ಮದೇ ಅಲ್ವೇ!"

ಬೇರೆಯವರಿಗೆ ದಾಟಿಸೋಣವೆಂದರೆ, ಕಾನೂನಿನ ಪ್ರಕಾರ ವಹಿಸಿಕೊಂಡವನು ಮತ್ತೊಬ್ಬನಿಗೆ ವಹಿಸುವಂತಿಲ್ಲ. ತಮ್ಮನ್ನು ತಾವೇ ಬಿಡಿಸಿಕೊಂಡರೆ ಸಹಿ ಹಾಕಲು ಯಾರೂ ಉಳಿಯುವುದಿಲ್ಲ, ಬಾವ ಪಾರು.

ಅಷ್ಟರಲ್ಲಿ ಅಕ್ಕನ ಫೋನು. "ಏನ್ ಸಾಹೇಬ್ರೇ, ಕುರ್ಚಿ ಮೆತ್ತಗಿದೆಯಾ?" ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದಳು. "ಕೇಸು ನಿನ್ನ ಹತ್ರ ಬಂತಂತೆ. ನೀನೇನೂ ಮಾಡೋದು ಬೇಡ ಕಣೋ. ಸಂಜೆವರೆಗೂ ಸುಮ್ನೆ ಕೂತಿರು, ಅಷ್ಟು ಸಾಕು."

ಅಮ್ಮ ಹೋದ ಮೇಲೆ ಇವರನ್ನು ಸಾಕಿ ಓದಿಸಿದವಳು ಅಕ್ಕ. ಇವತ್ತಿಗೂ ಊಟ ಅವಳ ಕೈಯದೇ, ನಿದ್ದೆ ಅವಳ ಮಹಡಿಯ ಕೋಣೆಯಲ್ಲೇ. ಅವಳು ಕೇಳಿದ್ದಾದರೂ ಏನು? ಸುಮ್ಮನೆ ಕೂರುವುದು.

ಕೂತರು. ಕೋಣೆಯ ಬಾಗಿಲು ಹಾರುಹೊಡೆದಿತ್ತು. ಹೊರಗೆ ಬೆಂಚಿನ ಮೇಲೆ, ಸತ್ತ ಬಸ್ ಡ್ರೈವರನ ಹೆಂಡತಿ ಬೆಳಗಿನಿಂದ ಕಾಯುತ್ತಿದ್ದಳು. ಇವರು ತಲೆ ಎತ್ತಿದಾಗಲೆಲ್ಲ, ಕರೆದರೇನೋ ಅಂದುಕೊಂಡು ಎದ್ದು ನಿಲ್ಲುತ್ತಿದ್ದಳು. ಇವರು ತಲೆ ತಗ್ಗಿಸಿದರೆ ಮತ್ತೆ ಕೂರುತ್ತಿದ್ದಳು. ಎಷ್ಟು ಸಲ ಅಂತ ತಗ್ಗಿಸುವುದು, ದೇವರೇ!

ಕೊನೆಗೆ ತಮ್ಮ ಮನವಿಯ ಮೇಲೆ ತಾವೇ 'ತಿರಸ್ಕರಿಸಿದೆ' ಎಂದು ಬರೆದರು. ಮೇಲ್ಮನವಿಗೆ ಸಹಿ ಹಾಕಿದರು. ಗುಮಾಸ್ತೆ ಅದನ್ನು ಹಿಡಿದು ಕೋರ್ಟಿಗೆ ಓಡಿದಳು.

ಅಕ್ಕನಿಗೆ ಫೋನು ಮಾಡಿ ಹೇಳಿದರು.

"ಬಾವನಿಗೆ ನೀನೇ ಹೇಳಿಬಿಡ್ತೀಯಾ ಅಕ್ಕಾ? ನನ್ನ ಕೈಲಿ ಆಗಲ್ಲ."

"ಇಲ್ಲಪ್ಪಾ, ಅದನ್ನ ನನ್ನ ತಲೆಗೆ ಕಟ್ಟಬೇಡ," ಎಂದಳು ಅಕ್ಕ. "ರಾತ್ರಿ ಊಟಕ್ಕೆ ಬರ್ತೀಯಲ್ಲ, ಎದುರಿಗೆ ಕೂತು ನೀನೇ ಹೇಳು."