ಗೂಟಕ್ಕೆ ಕಟ್ಟಿದ ದೋಣಿ

ಭೀಮಾ ನದಿ ಮಣ್ಣೂರು ದಾಟಿ ಕೆಳಗೆ ಹೊರಳುವಲ್ಲಿ ಒಂದು ನಡುಗಡ್ಡೆ ಇದೆ. ಅದರ ಮೇಲೆ ಒಬ್ಬ ಶರಣರ ಗದ್ದುಗೆ, ಒಂದಷ್ಟು ಬೇವು, ಜಾಲಿ. ಶ್ರಾವಣ ಬಂತೆಂದರೆ ಸೋಮವಾರಕ್ಕೊಮ್ಮೆ ಎರಡೂ ದಂಡೆಯ ಜನ ದೋಣಿ ಹತ್ತಿ ಬಂದು ಕಾಯಿ ಒಡೆಸಿಕೊಂಡು ಹೋಗುತ್ತಾರೆ. ಮೊದಲೆಲ್ಲ ಬಂದ ದೋಣಿಯನ್ನು ಉಸುಕಿನ ಮೇಲೆ ಎಳೆದು, ಉದ್ದ ಹಗ್ಗದಿಂದ ಜಾಲಿಗಿಡಕ್ಕೆ ಬಿಗಿಯುತ್ತಿದ್ದರು. ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ಆಮೇಲೆ ಗಡ್ಡೆಯ ದಂಡೆ ಹರಾಜಾಯಿತು. ಹಿಡಿದವನು ಕಲ್ಯಾಣಕುಮಾರನೆಂಬ ಗುತ್ತೇದಾರ. ಅವನು ನೀರಂಚಿಗೆ ಕಬ್ಬಿಣದ ಗೂಟಗಳನ್ನು ಹೂಳಿಸಿ, ಒಂದೊಂದಕ್ಕೂ ಗಿಡ್ಡ ಸರಪಳಿ ಬಿಗಿಸಿದ. ಹೊರಗಿನ ದೋಣಿ ಯಾವುದೇ ಬರಲಿ, ಸರಪಳಿಗೆ ಸಿಕ್ಕಿಸಿ ಕೀಲಿ ಹಾಕಬೇಕು. ಗೂಟದ ರೊಕ್ಕ ಕೊಟ್ಟ ಮೇಲೆಯೇ, ಹೊರಡುವಾಗ ಬಿಚ್ಚಬೇಕು. ಪಕ್ಕದಲ್ಲೇ ದೊಡ್ಡ ಬೋರ್ಡು: ದೋಣಿಗೆ, ಸಾಮಾನಿಗೆ, ಜೀವಕ್ಕೆ ಗುತ್ತೇದಾರರು ಜವಾಬ್ದಾರರಲ್ಲ.

ಕೀಲಿ ಹಾಕಿ ತೆಗೆಯುವ ಕೆಲಸ ಜಯಮಾಲಾಳದು. ಗಂಡ ತೀರಿಕೊಂಡ ಮೇಲೆ ಆಕೆ ಅದೇ ಗಡ್ಡೆಯಲ್ಲಿ ಕಾಯಿ-ಊದಿನಕಡ್ಡಿ ಮಾರಿಕೊಂಡಿದ್ದಳು; ತಿಂಗಳ ಪಗಾರ ಅಂತ ಕಂಡದ್ದು ಕಲ್ಯಾಣಕುಮಾರ ಕರೆದ ಮೇಲೆಯೇ. ತವರಿನಲ್ಲಿ ಆಕೆಗೆ ಉಳಿದವನು ತಮ್ಮ ಜಗದೇವ ಒಬ್ಬನೇ. ಮಣ್ಣೂರಿನಲ್ಲಿ ದೋಣಿ ಹಾಕಿಕೊಂಡಿದ್ದ.

ಆ ಸೋಮವಾರ ಜಗದೇವ ಇಜೇರಿಯ ಒಂದು ಮನೆತನದವರನ್ನು ಕರೆತಂದ. ಅವರಲ್ಲಿ ಗುರಮ್ಮನೆಂಬ ಮುದುಕಿ ಇದ್ದಳು. ಮಗ ದೇವೀಂದ್ರಪ್ಪನ ರಟ್ಟೆ ಹಿಡಿದು ಇಳಿಯುತ್ತಲೇ, "ಯಾರ ಪೈಕಿ ಬೇ ನೀ? ಮಾರಿ ಯಾಕ ಇಷ್ಟ್ ಸೊರಗ್ಯಾದ? ಉಂಡಿಯೋ ಇಲ್ಲೋ?" ಎಂದು ಜಯಮಾಲಾಳ ಗದ್ದ ಹಿಡಿದಳು. ಜಯಮಾಲಾ ನಕ್ಕಳು.

ಜಗದೇವ ಮಾತ್ರ ನದಿಯನ್ನೇ ನೋಡುತ್ತಿದ್ದ. "ಅಕ್ಕಾ, ನೀರು ಕೆಂಪಾಗ್ಯಾದ. ಮ್ಯಾಲ ಎಲ್ಲೋ ಜೋರ್ ಮಳಿ ಆಗ್ಯಾದ. ಉಸುಕಿನ ಮ್ಯಾಲ ಎಳ್ಕೋತೇನಿ. ಗೂಟದ ರೊಕ್ಕ ಬೇಕಾದ್ರ ಈಗೇ ತಗೋ."

ಜಯಮಾಲಾ ಆಚೆ ದಂಡೆ ನೋಡಿದಳು. ಕಲ್ಯಾಣಕುಮಾರ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹಿಂದಿನ ವಾರವೇ ಅವನು ಎಲ್ಲರೆದುರು ಗದರಿಸಿದ್ದ: "ತವರಿನವರಿಗೊಂದು ರೂಲು, ಮಂದಿಗೊಂದು ರೂಲು ಮಾಡಿದ್ರ ನಾಳಿಂದ ನಿನ್ ಜಾಗಾಕ ಬ್ಯಾರೆದಾಕಿ ಬರ್ತಾಳ ನೋಡು."

"ರೂಲು ಅದ ತಮ್ಮಾ. ಗೂಟಕ್ಕೇ ಹಚ್ಚು. ಪೂಜಿ ಆಗೋದು ಎಷ್ಟೊತ್ತು?"

"ತಮ್ಮಗೂ ಕೀಲಿ ಹಾಕ್ತಿಯೇನು?" ಎಂದು ಜಗದೇವ ನಕ್ಕ. ದೋಣಿ ತಿರುಗಿಸಿ ನಿಲ್ಲಿಸಿದ. ಜಯಮಾಲಾ ದೋಣಿಯ ಮುಂದಲೆಗೆ ಸರಪಳಿ ಸಿಕ್ಕಿಸಿ ಗೂಟದ ಬುಡಕ್ಕೆ ಕೀಲಿ ಜಡಿದಳು. ಕೀಲಿಕೈ ಸೆರಗಿನ ತುದಿಗೆ ಕಟ್ಟಿಕೊಂಡಳು.

ಪ್ರಸಾದಕ್ಕೆ ಕೂತಾಗ ನೀರು ಬಂತು. ಅಬ್ಬರವಿಲ್ಲ, ಸಪ್ಪಳವಿಲ್ಲ. ನೋಡನೋಡುತ್ತಿದ್ದಂತೆ ಉಸುಕು ಮುಳುಗಿತು, ಗೂಟಗಳ ತಲೆಗಳು ಮುಳುಗಿದವು. ಯಾರೋ ಕಿರುಚಿದರು. ಜನ ಎಲೆ ಬಿಟ್ಟೆದ್ದು ದೋಣಿಯತ್ತ ಓಡಿದರು.

"ಹತ್ತಬ್ಯಾಡ್ರಿ! ಇನ್ನಾ ಬಿಚ್ಚಿಲ್ರಿ!" ಎಂದು ಜಗದೇವ ಅಡ್ಡ ನಿಂತು ಕೂಗಿದ. ಯಾರು ಕೇಳುತ್ತಾರೆ? ಹೆದರಿದವರಿಗೆ ದೋಣಿಯೊಂದೇ ಕಂಡಿತ್ತು; ನೂಕಾಡಿಕೊಂಡು ಹತ್ತಿಬಿಟ್ಟರು. ಜಯಮಾಲಾ ಎದೆಮಟ್ಟದ ನೀರಿಗೆ ಇಳಿದು ಮುಳುಗಿ ತಡಕಾಡಿದಳು. ಗೂಟದ ಬುಡದ ಕೀಲಿ ಸಿಕ್ಕಿತು. ಕೀಲಿಕೈ ತೂರಿಸುವ ತೂತು ಸಿಗಲಿಲ್ಲ. ಉಸಿರು ಕಟ್ಟಿ ಎದ್ದಳು, ಮತ್ತೆ ಮುಳುಗಿದಳು. ಅಷ್ಟರಲ್ಲಿ ನೀರು ದೋಣಿಯ ಹಿಂಬದಿಯನ್ನು ಎತ್ತತೊಡಗಿತ್ತು. ಗಿಡ್ಡ ಸರಪಳಿ ಮುಂದಲೆಯನ್ನು ಬಿಡಲಿಲ್ಲ. ದೋಣಿ ಮೂಗು ಊರಿ ನೀರು ಕುಡಿಯಿತು, ವಾಲಿತು, ಬೋರಲಾಯಿತು.

ಜಗದೇವ ಕೈಗೆ ಸಿಕ್ಕಿದವರನ್ನೆಲ್ಲ ಎಳೆದೆಳೆದು ಗದ್ದುಗೆಯ ಕಟ್ಟೆಗೆ ಹಾಕಿದ. ದೇವೀಂದ್ರಪ್ಪನನ್ನು ಕೂದಲು ಹಿಡಿದು ಎಳೆದ. ಗುರಮ್ಮ ಸಿಗಲಿಲ್ಲ. ಮರುದಿನ ನೀರು ಇಳಿದ ಮೇಲೆ, ಬಹಳ ಕೆಳಗೆ, ಜಾಲಿಕಂಟಿಯಲ್ಲಿ ಸಿಕ್ಕಳು.

ವಿಚಾರಣೆ ಶುರುವಾಯಿತು. ಕಲ್ಯಾಣಕುಮಾರ ಬೋರ್ಡು ತೋರಿಸಿದ. ದಂಡೆ ಗುತ್ತಿಗೆಗೆ ಕೊಟ್ಟ ಮೇಲೆ ನಮಗೇನೂ ಸಂಬಂಧವಿಲ್ಲ ಎಂದರು ಹರಾಜು ಹಾಕಿದವರು. ಉಳಿದವನು ದೋಣಿಯ ಮಾಲೀಕ. ಅಳತೆ ಮೀರಿ ಜನರನ್ನು ಹತ್ತಿಸಿ ಜೀವ ತೆಗೆದನೆಂದು ಜಗದೇವನ ಮೇಲೆ ಕಠಿಣ ಕಲಮು ಬಿತ್ತು. ಜಾಮೀನು ಸಿಗಲಿಲ್ಲ.

ಜಯಮಾಲಾ ಠಾಣೆಗೆ ಹೋಗಿ ಸಾಹೇಬರ ಮುಂದೆ ನಿಂತಳು. "ಕೀಲಿ ಹಾಕಿದಾಕಿ ನಾನ್ರಿ. ಅವ ಒಲ್ಲೆ ಅಂದ. ಉಸುಕಿನ ಮ್ಯಾಲ ಎಳೀತೇನಿ ಅಂದ. ನಾನೇ ಕೇಳ್ಲಿಲ್ಲ. ಹಿಡಿಯೋದಿದ್ರ ನನಗ ಹಿಡೀರಿ."

ಸಾಹೇಬರು ಬರೆದುಕೊಳ್ಳುತ್ತಿದ್ದರು. "ಜಗದೇವ ನಿನಗ ಏನಾಗ್ಬೇಕು?"

"ತಮ್ಮ ರೀ."

ಪೆನ್ನು ನಿಂತಿತು. "ಒಡಹುಟ್ಟಿದ ಅಕ್ಕ ಮತ್ತ ಬ್ಯಾರೆ ಏನ್ ಹೇಳ್ತಾಳವ್ವ? ಹೋಗು, ಮನಿಗಿ ಹೋಗು."

ಹೊರಗಿನವರು ಯಾರಾದರೂ ಹೇಳಬೇಕು. ಆಕೆ ಜೇವರ್ಗಿ ಬಸ್ಸು ಹಿಡಿದು, ಅಲ್ಲಿಂದ ಇಜೇರಿಗೆ ಹೋದಳು. ದೇವೀಂದ್ರಪ್ಪ ಬಾಗಿಲಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದ. ಒಳಗೆ ಕರೆಯಲಿಲ್ಲ.

"ಅಣ್ಣಾ, ಅವತ್ತ ನನ್ನ ತಮ್ಮ ಏನಂದ, ನಾ ಏನಂದೆ, ನೀವು ಕೇಳೀರಿ. ಅಷ್ಟು ಹೇಳ್ರಿ ಸಾಕು."

"ಕೇಳೀನಿ," ಎಂದ ದೇವೀಂದ್ರಪ್ಪ. "ನಿನ್ನ ತಮ್ಮ ನನ್ನ ಜೀವ ಉಳಿಸ್ಯಾನ, ಅದೂ ಖರೇ. ಆದ್ರ ನನಗ ಎಳದಂವ ನಮ್ಮವ್ವಗ ಯಾಕ ಎಳೀಲಿಲ್ಲ? ಆಕಿ ನನ್ನ ರಟ್ಟಿ ಹಿಡಿದಿದ್ಳು. ಅಲ್ಲೇ ಇದ್ಳು." ಅವನು ತನ್ನ ರಟ್ಟೆ ತಾನೇ ಹಿಡಿದುಕೊಂಡ. "ಯಾರ ಮ್ಯಾಲರ ಸಿಟ್ಟು ಮಾಡ್ಬೇಕಲ್ಲ ತಂಗಿ. ಗೂಟದ ಮ್ಯಾಲ ಮಾಡ್ಲೇನು?"

ಜಯಮಾಲಾಗೆ ಆ ಮುದುಕಿಯ ಬೆರಳು ಇನ್ನೂ ಗದ್ದದ ಮೇಲಿದ್ದಂತಾಯಿತು. ಬಂದ ದಾರಿ ಹಿಡಿದಳು.

ದೀಪಾವಳಿ ಮುಗಿದ ಮೇಲೆ ಜೈಲಿನಲ್ಲಿ ತಮ್ಮನನ್ನು ನೋಡಲು ಬಿಟ್ಟರು. ಜಾಲರಿಯ ಆಚೆ ಜಗದೇವ ಅರ್ಧ ಆಗಿದ್ದ. ಬೈದಾನು, ಬೈಯಲಿ ಎಂದುಕೊಂಡೇ ಆಕೆ ಹೋಗಿದ್ದಳು. ಬೈಯಲಿಲ್ಲ.

"ನಂದೇ ತಪ್ಪು ತಮ್ಮಾ," ಎಂದಳು.

"ನೀ ಹಾಕ್ದಿ, ನಾ ಹಾಕಿಸ್ಕೊಂಡೆ. ಬಿಡು." ಜಾಲರಿಗೆ ಹತ್ತಿರ ಬಂದು ಕೇಳಿದ, "ದೋಣಿ ಎಲ್ಲ್ಯದ?"

"ಪೊಲೀಸರು ದಂಡಿಗಿ ಎಳದು ಹಾಕ್ಯಾರ. ಕೇಸು ಮುಗಿಯೋತನ ಯಾರೂ ಮುಟ್ಟಂಗಿಲ್ಲಂತ."

"ಬಿಸಲಾಗ ಬಿಟ್ರ ಹಲಗಿ ಬಿರೀತಾವ. ದಿನಾ ಒಂದೀಟು ನೀರು ಹೊಡಸು ಅಕ್ಕಾ. ನಾ ಬಂದ ಮ್ಯಾಲ ಡಾಂಬರ ಹಚ್ಚತೇನಿ."

ಹಲಗೆಗಳು ಬಿರಿದು ವಾರಗಳೇ ಆಗಿದ್ದವು. ಎರಡನ್ನು ಯಾರೋ ಒಲೆಗೆ ಕಿತ್ತೊಯ್ದಿದ್ದರು. ಬರುವ ಮುನ್ನ ಆಕೆ ನೋಡಿಯೇ ಬಂದಿದ್ದಳು.

"ಹೂಂ," ಎಂದಳು ಜಯಮಾಲಾ. "ಹೊಡಸ್ತೇನಿ."