ಬಟ್ಟಲಲ್ಲಿ ಹೋದ ಪುಡಿ

ಖಾಸಬಾಗದ ಆ ಓಣಿಯಲ್ಲಿ ಯಾರ ಮನೆಯ ಬಟ್ಟಲನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏಕಾದಶಿಗೆ ರಾಧಾಬಾಯಿ ಸಾಬೂದಾಣಿ ಖಿಚಡಿ ಕಳಿಸಿದ್ದಳು. ಎದುರುಮನೆಯ ಬಾಳವ್ವನ ಅಡುಗೆಮನೆಯಲ್ಲಿ ಅಂದು ತಿರುಗಿ ಕೊಡಲು ಒಂದು ಉಂಡಿಯೂ ಇರಲಿಲ್ಲ. ಇದ್ದದ್ದು ಮಗ ವಿನಯ ಜಿಮ್ಮಿಗೆಂದು ತಂದಿಟ್ಟ ಪೊಟ್ಯಾಶಿಯಂ ಪುಡಿಯ ಡಬ್ಬಿ. ಅದನ್ನು ಎರಡು ದಿನ ಕುಡಿದು ತನ್ನ ಕಾಲಿನ ಸೆಳೆತ ಓಡಿಹೋಯಿತೆಂದು ನಂಬಿದ್ದ ಬಾಳವ್ವ, ಗೆಳತಿಯ ಕಾಲೂ ಹಗುರಾಗಲಿ ಎಂದು ಬಟ್ಟಲ ತುಂಬ ಪುಡಿ ಸುರಿದು ಕೊಟ್ಟುಬಂದಳು. ಕೊಟ್ಟ ಸಂಭ್ರಮಕ್ಕೆ ಅಂದು ಎರಡು ರೊಟ್ಟಿ ಹೆಚ್ಚೇ ತಿಂದಳು.

ಐದನೆಯ ದಿನ ಡಬ್ಬಿಯ ತಳ ಕಂಡಿತು. ಮಗನಿಗೆ ಗೊತ್ತಾಗುವ ಮೊದಲೇ ಹೊಸದು ತರಲು ಬಾಳವ್ವ ಔಷಧದಂಗಡಿಗೆ ಹೋದಳು. ಹೋದವಳು ಸುಮ್ಮನಿರಬೇಕಲ್ಲ, ರಾಧಾಬಾಯಿಗೂ ಗುಳಿಗೆ ಕೊಡುವ ಅಂಗಡಿಯ ಶಶಿಧರನಿಗೆ ಅವಳಿಗೆ ಪುಡಿ ಕೊಟ್ಟ ಕಥೆಯನ್ನೂ ಹೇಳಿದಳು.

“ಕಾಕೂ, ಅವರಿಗೆ ಕೊಟ್ರೇನ್ರಿ?” ಶಶಿಧರ ಗಾಬರಿಯಾದ. “ಅವರ ಬಿಪಿ ಗುಳಿಗಿ ಮೈಯಾಗ ಪೊಟ್ಯಾಶಿಯಂ ಹಿಡಿದಿಡತೈತಿ. ಕಿಡ್ನಿನೂ ಸೊರಗ್ಯಾವ. ಮ್ಯಾಲೆ ಈ ಪುಡಿ ಬಿದ್ರ ಎದಿಬಡಿತಾನ ತಪ್ಪತೈತಿ! ಮೊದಲ ಬಿಡಸ್ರಿ, ರಕ್ತ ತಪಾಸ ಮಾಡಸ್ರಿ.”

ಬಾಳವ್ವ ಓಡಿ ಬಂದು ನೋಡಿದರೆ ರಾಧಾಬಾಯಿಯ ಬಾಗಿಲಿಗೆ ಕೀಲಿ. ಫೋನು ಮಾಡಿದರೆ ಅದು ಒಳಗೇ ರಿಂಗಣಿಸುತ್ತಿತ್ತು.

“ಖಾನಾಪುರದ ಆಚಿ ಗುಂಜಿ ಊರಿಗೆ, ತಮ್ಮನ ಮನಿಗೆ ಹೋಗ್ಯಾಳ,” ಎಂದಳು ಪಕ್ಕದ ಫಕೀರವ್ವ. “ನಿನ್ನ ಪುಡಿನೂ ಕಟಗೊಂಡ ಹೋದ್ಲು.”

ಮನೆಹೊಕ್ಕು ರೊಕ್ಕ ಹಿಡಿದು ಓಡಿದ ಬಾಳವ್ವನಿಗೆ ಖಾನಾಪುರದ ಬಸ್ಸು ಹತ್ತಿ ಕುಳಿತ ಮೇಲೆಯೇ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಮಗನದು ಇರುವುದು ಕಂಡಿತು. ಅಳುತ್ತ ಇಡೀ ಬಸ್ಸಿಗೆ ಸಂಗತಿ ಹೇಳಿದಳು. ಬಸ್ಸಿನವರು ಸುಮ್ಮನಿದ್ದಾರೆಯೇ? ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು.

“ಯಾರೂ ಯಾರಿಗೂ ಏನೂ ಕೊಡಬ್ಯಾಡ್ರೋ!” ಎಂದು ಬಾಳವ್ವ ಒದರಿದಳು.

ಖಾನಾಪುರದಿಂದ ರಿಕ್ಷಾ ಹಿಡಿದು ಗುಂಜಿ ಮುಟ್ಟಿದಾಗ ರಾಧಾಬಾಯಿ ಕಟ್ಟೆಯ ಮೇಲೆ ಕುಳಿತು ಲೋಟದಲ್ಲಿ ಚಮಚ ತಿರುವುತ್ತಿದ್ದಳು.

“ಅಗ ಬಾಯಿ! ಬಾಳವ್ವಾ, ನೀ ಇಲ್ಲಿ? ಕಾಲಾಗ ತ್ರಾಣನ ಇಲ್ಲ ನೋಡು, ಅದಕ್ಕ ಇವತ್ತ ಎರಡ ಚಮಚಾ ಹಾಕೀನಿ.”

ಬಾಳವ್ವ ಲೋಟ ಕಸಿದು ಅಂಗಳಕ್ಕೆ ಎಸೆದಳು. ಕೋಳಿಗಳು ಕಿರುಚಿ ಚದುರಿದವು.

“ಖರೇ ಹೇಳ್ತೀನಿ ರಾಧಾ, ನಾ ನಿನ್ನ ಕೊಲ್ಲಾಕ ಹತ್ತಿದ್ದೆ!”

“ಕೊಲ್ಲಾಕ ಇಷ್ಟ ದೂರ ಬಂದೀಯೇನ?” ರಾಧಾಬಾಯಿಗೆ ನಗು ತಡೆಯಲಾಗಲಿಲ್ಲ. ಬಾಳವ್ವ ಅಳುತ್ತಲೇ ಅವಳನ್ನು ರಿಕ್ಷಾಕ್ಕೆ ದಬ್ಬಿದಳು.

ಖಾನಾಪುರದ ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ನೋಡಿದರು, ರಕ್ತ ತೆಗೆದರು. ಬಾಳವ್ವ ಬೆಂಚಿನ ಮೇಲೆ ಕುಳಿತು ಗೊತ್ತಿದ್ದ ದೇವರನ್ನೆಲ್ಲ ಕರೆದಳು. ತನ್ನ ಪ್ರೀತಿಯೇ ಗೆಳತಿಗೆ ಮುಳುವಾಯಿತಲ್ಲ ಎಂದು ಹಣೆ ಬಡಿದುಕೊಂಡಳು. ಕೊನೆಗೆ ಡಾಕ್ಟರು ಹೊರಗೆ ಬಂದರು.

“ಪೊಟ್ಯಾಶಿಯಂ ಏರೇತಿ, ಆದ್ರ ಎದಿ ಸರಿ ಐತಿ. ವೇಳ್ಯಾಕ್ಕ ಕರಕೊಂಡ ಬಂದ್ರಿ. ಔಷಧ ಕೊಟ್ಟೀವಿ, ನಾಳೆತನಾ ಇಲ್ಲೇ ಇರ್ಲಿ.”

ಕೇಳಿದ್ದೇ ತಡ, ಬಾಳವ್ವ ಒಮ್ಮೆ ನಕ್ಕಳು, ಒಮ್ಮೆ ಅತ್ತಳು, ತಲೆ ಗಿರ್ರೆಂದು ತಿರುಗಿ ಅಲ್ಲೇ ಕುಸಿದಳು. ನರ್ಸು ಓಡಿಬಂದು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ, “ಪೇಶಂಟಿಗಿಂತಾ ಇವರದ ಹೆಚ್ಚೈತಲ್ರಿ!” ಎಂದಳು.

ಒಳಗಿನ ಮಂಚದಿಂದ ರಾಧಾಬಾಯಿಯ ದನಿ ಬಂತು: “ಸಿಸ್ಟರ್, ಆಕಿನ್ನ ನನ್ನ ಬಾಜೂಕನ ಮಲಗಸ್ರಿ. ಮೂವತ್ತ ವರ್ಷದಾಗ ನನ್ನ ಸಲುವಾಗಿ ಆಕಿ ಅಂಜಿದ್ದ ಇವತ್ತ ಮೊದಲ ಸಲ ಕಂಡೀನಿ. ಕಣ್ತುಂಬ ನೋಡ್ತೀನಿ.”