ಮೌನೇಶನ ನೋಡ್, ಚಂಪವ್ವನ ನಾಟಕ

ಚಂಪವ್ವನ ಬಳಿ ಸಾಕ್ಷಿ ಇರಲಿಲ್ಲ. ನಾಟಕ ಇತ್ತು, ಅದನ್ನು ಬರೆದ ಕೈ ಇತ್ತು, ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ಕುಣಿದು ಅತ್ತು ಗಳಿಸಿದ ಧೈರ್ಯವೂ ಇತ್ತು. ಬರೆದವಳು ತಾನೇ ಎಂದು ತೋರಿಸಲು ಮಾತ್ರ ಏನೂ ಇರಲಿಲ್ಲ. ಆ ಸಾಕ್ಷಿಯನ್ನು ಹೊರಬೇಕಾಗಿದ್ದ ಯಂತ್ರ ನಾನು.

ನಾನು ಒಂದು ಕಂಪ್ಯೂಟರ್. ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದ ಮೇಜಿನ ಮೇಲೆ. ಒಬ್ಬರು ಬೋರ್ಡು ಕೂರಿಸಿದರು, ಇನ್ನೊಬ್ಬರು ಫ್ಯಾನ್ ತಿರುಗಿಸಿ ನೋಡಿದರು, ಮತ್ತೊಬ್ಬರು ಕಪ್ಪು ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿದರು. ಹೆಸರು ಯಾರೂ ಇಡಲಿಲ್ಲ, ನಂಬರು ಅಂಟಿಸಿದರು. ಮೊದಲ ಕೆಲಸ ಗದಗಿನ ಒಂದು ಪತ್ತಿನ ಸಂಘದಲ್ಲಿ. ಅಲ್ಲಿ ಕಂತು ಕೂಡಿಸಿದೆ, ಊಟದ ಹೊತ್ತಿನಲ್ಲಿ ಗುಮಾಸ್ತರಿಗೆ ಇಸ್ಪೀಟು ಆಡಿಸಿದೆ. ಅಷ್ಟರಲ್ಲಿ ನನಗಿಂತ ತೆಳ್ಳಗಿನ ಯಂತ್ರಗಳು ಬಂದವು, ನಮ್ಮನ್ನು ಹರಾಜಿಗೆ ಹಾಕಿದರು. ಬಡಿಗೇರ ಮೌನೇಶ ನನ್ನನ್ನು ಕೊಂಡು, ಸ್ಕೂಟಿಯಲ್ಲಿ ಕಾಲ ನಡುವೆ ಇಟ್ಟುಕೊಂಡು, ಸ್ಟೇಶನ್ ರಸ್ತೆಯ ತನ್ನ ರಿಪೇರಿ ಅಂಗಡಿಗೆ ತಂದ.

ಬಿಚ್ಚಿ ಬಿಡಿಭಾಗ ಮಾರುತ್ತಾನೆ ಎಂದುಕೊಂಡೆ. ಅವನು ದೊಡ್ಡ ಹೊಸ ಡಿಸ್ಕ್ ಹಾಕಿದ, ಕೌಂಟರಿನ ಕೆಳಗೆ ಜಾಗ ಮಾಡಿದ, ಇಂಟರ್‌ನೆಟ್ ತಂತಿ ಚುಚ್ಚಿದ. "ಕಂತು ಕೂಡ್ಸೂದು ಸಾಕು ಮಾಡು. ಇವತ್ತಿನಿಂದ ನೀ ಬಿಟ್‌ಕಾಯಿನ್ ನೋಡ್," ಎಂದ.

ಬಿಟ್‌ಕಾಯಿನ್ ಯಾವ ಬ್ಯಾಂಕಿಗೂ ಸೇರದ ಹಣ. ಅದರ ಲೆಕ್ಕದ ಪೂರ್ತಿ ಪ್ರತಿ ಜಗತ್ತಿನ ಸಾವಿರಾರು ಯಂತ್ರಗಳಲ್ಲಿ ಇರುತ್ತದೆ. ಅಂಥ ಒಂದೊಂದು ಯಂತ್ರವೂ ಒಂದು ನೋಡ್. ಎಲ್ಲೋ ಒಬ್ಬ ಇನ್ನೊಬ್ಬನಿಗೆ ಹಣ ಕಳಿಸಿದ ಸುದ್ದಿ ನಮ್ಮ ಕಿವಿಗೆ ಬೀಳುತ್ತದೆ. ಸರಿ ಇದೆಯೇ ಎಂದು ಪರೀಕ್ಷಿಸಿ ನಾವು ಅದನ್ನು ಪಕ್ಕದವರಿಗೆ ದಾಟಿಸುತ್ತೇವೆ. ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ಇಂಥ ಸುದ್ದಿಗಳ ಒಂದು ಕಟ್ಟು ಗಟ್ಟಿಯಾಗುತ್ತದೆ. ಅದು ಬ್ಲಾಕ್. ಕಳಿಸುವವನು ಹೆಚ್ಚು ಫೀ ಕಟ್ಟಿದಷ್ಟೂ ಅವನ ಸುದ್ದಿ ಬೇಗ ಸೇರುತ್ತದೆ. ಬ್ಲಾಕಿಗೆ ಸೇರಿದ್ದನ್ನು ಅಳಿಸಲು ಯಾರಪ್ಪನಿಂದಲೂ ಆಗದು. ಸೇರಿದ ಹೊತ್ತೂ ಜೊತೆಗೇ ಉಳಿಯುತ್ತದೆ.

ಎಂಥ ಕೆಲಸ ಅದು! ಪತ್ತಿನ ಸಂಘದಲ್ಲಿ ತೂಕಡಿಸುತ್ತಿದ್ದ ನಾನು ಈಗ ಬ್ರೆಜಿಲ್ಲಿನ ಪಿಸುಮಾತನ್ನು ಕೊರಿಯಾಕ್ಕೆ ಮುಟ್ಟಿಸುತ್ತಿದ್ದೆ. ಹೊಸ ಬ್ಲಾಕ್ ಬಂದಾಗಲೆಲ್ಲ ಮೌನೇಶ ಕೈಯಲ್ಲಿದ್ದ ಗಿರಾಕಿಯ ಮೊಬೈಲು ಕೆಳಗಿಟ್ಟು "ಬಂತು!" ಎಂದು ಕೂಗುತ್ತಿದ್ದ. ಗಿರಾಕಿಗಳು ಬೆಚ್ಚಿ ಬಾಗಿಲ ಕಡೆ ನೋಡುತ್ತಿದ್ದರು.

ಗೋಡೆಯ ಆಚೆ ದಾದಾಪೀರನ ಮುದ್ರಣಾಲಯ. ನಾಟಕದ ಪೋಸ್ಟರು, ಮದುವೆ ಕಾರ್ಡು, ಹಾಸ್ಟೆಲ್ ಪಾವತಿ ಪುಸ್ತಕ ಎಲ್ಲ ಅವನದೇ. ಮೌನೇಶನೂ ಅವನೂ ಒಂದೇ ಬೆಂಚಿನಲ್ಲಿ ಡಿಪ್ಲೊಮಾ ಓದಿದವರು. ಅವನೂ ಒಂದು ನೋಡ್ ಇಟ್ಟ. ಊರಿನ ಇನ್ನೂ ನಾಲ್ಕು ಮಂದಿ ಕೂಡಿದರು. ಬಳಗವಾಯಿತು. ಸಂಜೆಯ ಚಹಾ, ಮಿರ್ಚಿ ಎಲ್ಲ ನನ್ನ ತಲೆಯ ಮೇಲಿನ ಕೌಂಟರಿನಲ್ಲೇ. ನಾನು ಅವರನ್ನು ಚಪ್ಪಲಿಗಳಿಂದ ಗುರುತಿಸುತ್ತಿದ್ದೆ. ಮಸಿಯ ಕಲೆ ಇದ್ದರೆ ದಾದಾಪೀರ.

ಆಮೇಲೆ ಜಗಳ ಬಂತು. ಅದು ಗದಗಿನಲ್ಲಿ ಹುಟ್ಟಿದ್ದಲ್ಲ, ಜಗತ್ತಿನ ನೋಡುಗಳೆಲ್ಲ ಅದೇ ಜಗಳದಲ್ಲಿದ್ದವು. ಜನ ಹಣದ ಸುದ್ದಿಯ ಬೆನ್ನಿಗೆ ಬೇರೇನೇನೋ ಕಟ್ಟಿ ಕಳಿಸತೊಡಗಿದ್ದರು. ಚಿತ್ರ, ಪ್ರೇಮಪತ್ರ, ಕೋತಿಯ ಮುಖ, ದಾಖಲೆ. ನೋಡಿನ ಹೊಸ ತಂತ್ರಾಂಶವೊಂದು ಇಂಥದ್ದಕ್ಕಿದ್ದ ಮಿತಿಯನ್ನು ಸಡಿಲಿಸಿತು. ಒಪ್ಪದವರು ಬಿಗಿ ಜರಡಿ ಇರುವ ಬೇರೆ ತಂತ್ರಾಂಶಕ್ಕೆ ಹೊರಳಿದರು. ಮೌನೇಶ ಹೊರಳಿದ್ದಷ್ಟೇ ಅಲ್ಲ, ಜರಡಿಯನ್ನು ಪೂರ್ತಿ ಮುಚ್ಚಿದ. ಹಣವಲ್ಲದ ಒಂದು ಅಕ್ಷರವನ್ನೂ ನಾನು ದಾಟಿಸಕೂಡದು.

"ಬಸ್ಸಿನ ಮ್ಯಾಲ ಮೆಣಸಿನಕಾಯಿ ಚೀಲ ಹೇರಿದ್ರ ಕಂಡಕ್ಟರ್ ಲಗೇಜ್ ಟಿಕೀಟ್ ಹರಿತಾನ," ಎಂದ ದಾದಾಪೀರ. "ಚೀಲ ಬಿಚ್ಚಿ ನೋಡ್ತಾನೇನಲೇ? ಫೀ ಕೊಟ್ಟಾನಿಲ್ಲೋ, ಒಯ್ಯಬೇಕು. ನೀ ಯಾರು ಇಳಸಾಂವ?"

"ಬಸ್ಸಿನ ಚೀಲ ಊರು ಬಂದ್ರ ಇಳೀತಾವ. ಇವು ಇಳ್ಯಾಂಗಿಲ್ಲ. ಕಡೀತನಕ ನನ್ನ ಡಿಸ್ಕಿನ್ಯಾಗ ಬಿದ್ದಿರ್ತಾವ. ನಾಳೆ ಒಬ್ಬ ಹೊಲಸು ಚಿತ್ರ ಹಾಕ್ತಾನ. ಪೊಲೀಸ್ರು ನಿನ್ನ ಕಂಡಕ್ಟರನ ಕೇಳ್ತಾರೋ, ನನ್ನ ಕೇಳ್ತಾರೋ?"

"ಜರಡಿ ಹಾಕಿದ್ರೂ ಬ್ಲಾಕಿನ ಕೂಡ ಬಂದ ಬರ್ತಾವಲ್ಲೋ ಮಾರಾಯಾ. ಮುಂಬಾಗಲಾಗ ಕೋಲ್ ಹಿಡದು ಕುಂತೀಯಲ್ಲಾ, ಹಿತ್ತಲ ಬಾಗಲಾ ತೆರದೈತಿ."

ಅದು ನಿಜ. ಜರಡಿ ಹಿಡಿದು ನಾನು ದಾಟಿಸದೆ ಬಿಟ್ಟದ್ದನ್ನು ಬೇರೆ ಯಂತ್ರಗಳು ದಾಟಿಸುತ್ತಿದ್ದವು. ಅದು ಬ್ಲಾಕಿಗೆ ಸೇರಿ ನನ್ನ ಡಿಸ್ಕಿಗೇ ಬಂದು ಕೂರುತ್ತಿತ್ತು. ಕೋತಿಯ ಮುಖ ಹೊತ್ತ ಬ್ಲಾಕನ್ನು ನಾನು ಮರ್ಯಾದೆಯಿಂದಲೇ ಒಳಗೆ ಕರೆದುಕೊಂಡೆ. ಆದರೂ ಮೌನೇಶ ಸೋಲಲಿಲ್ಲ. "ಎಲ್ಲಾರೂ ಕಳ್ಳರಾದ್ರು ಅಂತ ನಾನೂ ಬಾಗಲಾ ತಗೀಲೇನು?" ಎಂದ. ಅದೂ ಸುಳ್ಳಲ್ಲ. ಬಳಗ ನಡುವೆ ಬಿರುಕು ಬಿಟ್ಟಿತು. ಮೂವರು ಈ ಕಡೆ, ಮೂವರು ಆ ಕಡೆ. ಮಿರ್ಚಿಯ ಪೊಟ್ಟಣ ಎರಡಾಯಿತು. ನನಗೇನೋ ಖುಷಿಯೇ. ಕೌಂಟರು ಗುದ್ದಿದಾಗಲೆಲ್ಲ ನನ್ನ ಮೇಲಿನ ಧೂಳು ಹಾರುತ್ತಿತ್ತು.

ಅಂಥ ದಿನಗಳಲ್ಲಿ ಚಂಪವ್ವ ಬಂದಳು. ಮೌನೇಶನ ತಾಯಿಯ ತಂಗಿ, ಅವನಿಗೆ ಚಿಗವ್ವ. ಅವಳ ಕಂಪನಿ ಆಗ ಗದಗಿನಲ್ಲೇ ಕ್ಯಾಂಪ್ ಹಾಕಿತ್ತು. ಅವಳು ಒಂದು ನಾಟಕ ಬರೆದಿದ್ದಳು. ಹೆಸರು 'ಗಂಡ ಹೊರಗ, ಕೀಲಿ ಒಳಗ'. ಹಾಳೆಗಳನ್ನು ನೋಡಿ ಮೌನೇಶನೇ ನನ್ನಲ್ಲಿ ಟೈಪು ಮಾಡಿದ. ಎರಡನೆಯ ಅಂಕಕ್ಕೆ ಬಂದಾಗ ನಕ್ಕು ನಕ್ಕು ಚಹಾ ನನ್ನ ಮೇಲೆ ಚೆಲ್ಲಿದ.

"ಶುಕ್ರವಾರ ಕಂಪನಿ ಮುಂದ ಓದಬೇಕಂತ," ಎಂದಳು ಚಂಪವ್ವ. "ಮಾಲಕ ಅಂದಾನಯ್ಯ ಹೇಳಿ ಕಳಿಸ್ಯಾನ."

"ಓದು ಮತ್ತ. ಛಲೋ ಆತು."

"ಏನ್ ಛಲೋ? ನಮ್ಮವರ ಕಿವಿ ನಿನಗ ಗೊತ್ತಿಲ್ಲ ತಮ್ಮಾ. ಒಮ್ಮೆ ಕೇಳಿದ್ರ ಮುಗೀತು, ಮರುದಿನ ಪೂರಾ ಒಪ್ಪಸ್ತಾರ. ಆಮ್ಯಾಲ ಮಾಲಕ ನಂದಂತಾನ. ಹೋದ ವರ್ಷ ಬರದಾಂವಗೂ ಹಂಗ ಮಾಡಿದ. ನನ್ನ ಹಾಳಿ ತೋರಿಸಿದ್ರ, ತನ್ನ ಪಾರ್ಟು ಬರಕೊಂಡಾಳ ಅಂತಾನ. ನಾವು ನಟರು ನಮ್ಮ ನಮ್ಮ ಮಾತು ಕೈಯಿಂದ ಬರಕೊಳ್ಳೂದು ರೂಢಿ ನೋಡು. ಸರಕಾರದಾಗ ನೋಂದಣಿಗೆ ತಿಂಗಳಗಟ್ಟಲೆ ಬೇಕಂತ. ಶುಕ್ರವಾರಕ್ಕಿಂತ ಮೊದಲ ನನ್ನ ಕಡೆ ಇತ್ತು ಅನ್ನೂದು ತೋರಸಾಕ ನಿನ್ನ ಡಬ್ಬಿಯೊಳಗ ಏನರ ಆಗತೈತೇನು?"

ಆಗುತ್ತಿತ್ತು. ನಾಟಕದ ಕಡತದಿಂದ ಒಂದು ಬೆರಳಚ್ಚು ತೆಗೆಯಬಹುದು, ಒಂದೇ ಸಾಲಿನ ಅಂಕಿ-ಅಕ್ಷರ. ಒಂದು ಅಲ್ಪವಿರಾಮ ಬದಲಾದರೂ ಅದು ಬದಲಾಗುತ್ತದೆ. ಆ ಸಾಲನ್ನು ಹಣದ ಸುದ್ದಿಯ ಬೆನ್ನಿಗೆ ಕಟ್ಟಿ ಬ್ಲಾಕಿಗೆ ಸೇರಿಸಿದರೆ, ನಾಟಕ ಆ ಹೊತ್ತಿಗೆ ಇತ್ತೆಂಬುದಕ್ಕೆ ಜಗತ್ತೇ ಸಾಕ್ಷಿ.

ಆದರೆ ಅದು ಹಣವಲ್ಲದ ಮಾಹಿತಿ. ಮೌನೇಶ ಬೆವರಿದ. ಗೋಡೆಯಾಚೆಯಿಂದ ದಾದಾಪೀರ ಓಡಿಬಂದ. ಅವನ ಸಂತೋಷ ಹೇಳತೀರದು.

"ಈಗ ಬಂತು ನೋಡ್ರೀ ಮೆಣಸಿನಕಾಯಿ ಚೀಲ! ಅದೂ ಇವನ ಚಿಗವ್ವಂದ! ಇಳಸಪಾ ಕಂಡಕ್ಟರಾ, ಇಳಸು!"

"ಇದು ಸಣ್ಣದು. ಒಂದ ಸಾಲು."

"ಸಣ್ಣದಿದ್ರ ಕಸ ಅಲ್ಲೇನು? ನಿನ್ನ ಮನೀದು ಸರಕು, ಮಂದೀದು ಕಸ. ಇರ್ಲಿ ತಗೋ, ಚಂಪಕ್ಕಂದು ನಾ ಕಳಸ್ತೀನಿ. ನನ್ನ ನೋಡಿಗೆ ಜರಡಿ ಇಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮೌನೇಶನ ಕಿವಿ ಕೆಂಪಾಯಿತು. "ನಮ್ಮ ಚಿಗವ್ವಂದು ನನ್ನ ಮಷಿನ್ನಿನಿಂದನ ಹೋಗ್ತೈತಿ. ನಿನ್ನ ಉಪಕಾರ ಬ್ಯಾಡ," ಎಂದ.

"ಇಬ್ಬರಾಗ ಯಾರರ ಒಬ್ಬರು ಕಳಸ್ರಪಾ," ಎಂದಳು ಚಂಪವ್ವ. ಅವಳ ಮಾತು ಯಾರಿಗೂ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಕಳಿಸಿದ. ಅಂಗಡಿಗೆ ನೀರು ಹೊಡೆದು, ಊದುಬತ್ತಿ ಹಚ್ಚಿ, ಒಂದೊಂದೇ ಕೀಲಿಯನ್ನು ಒತ್ತಿದ. ಬಳಗದ ಅವನ ಕಡೆಯವರು ಉಸಿರು ಹಿಡಿದು ನಿಂತಿದ್ದರು. ನನ್ನ ಫ್ಯಾನು ಜೋರಾಗಿ ತಿರುಗಿತು. ಪರದೆಯ ಮೇಲೆ ಆ ಸುದ್ದಿಯ ಗುರುತಿನ ಉದ್ದನೆಯ ನಂಬರು ಮೂಡಿತು.

"ಹೋತು!" ಎಂದು ಮೌನೇಶ ಕೂಗಿದ. ಚಂಪವ್ವ ಅಂಗಡಿಯಲ್ಲೇ ಎರಡನೆಯ ಅಂಕದ ಹಾಡಿಗೆ ಒಂದು ಸುತ್ತು ಕುಣಿದಳು. ರಸ್ತೆಯವರು ನಿಂತು ನೋಡಿದರು. ಪೇಡೆ ಹಂಚಿದರು.

ಹೋಗಿರಲಿಲ್ಲ. ಜರಡಿ ಹೊರಗಿನಿಂದ ಬಂದದ್ದಕ್ಕೆ ಮಾತ್ರ, ಇಲ್ಲೇ ಹುಟ್ಟಿದ್ದಕ್ಕೆ ಅಲ್ಲ ಎಂದು ಮೌನೇಶ ತಿಳಿದಿದ್ದ. ನನಗೆ ಅಂಥ ಭೇದವಿಲ್ಲ. ಮಾಲೀಕನದ್ದಾದರೂ ಹಣವಲ್ಲದ್ದು ಹಣವಲ್ಲದ್ದೇ. ಹಣ ಕಳಿಸಲು ಅವನು ಬಳಸುವ ತಂತ್ರಾಂಶ ಸುದ್ದಿಯನ್ನು ಬರೆದು, ನಂಬರು ಕೊಟ್ಟು, ತನ್ನಲ್ಲೇ ಇಟ್ಟುಕೊಂಡಿತು. ನಾನು ಅದನ್ನು ಯಾರಿಗೂ ದಾಟಿಸಲಿಲ್ಲ. ಯಾಕೆ ದಾಟಿಸಲಿಲ್ಲವೆಂದು ದಿನಚರಿಯ ಕಡತದಲ್ಲಿ ಒಂದು ಸಾಲು ಬರೆದೆ. ಅಂಥ ಸಾಲುಗಳನ್ನು ನಾನು ದಿನಕ್ಕೆ ಸಾವಿರಗಟ್ಟಲೆ ಬರೆಯುತ್ತೇನೆ, ಯಾರೂ ಓದುವುದಿಲ್ಲ.

ಗುರುವಾರ ದಾದಾಪೀರ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. "ಮೌನ್ಯಾ, ನನ್ನ ನೋಡಿನ್ಯಾಗ ನಿನ್ನ ನಂಬರ್ ಕಾಣವಲ್ದು."

"ನಿನ್ನ ನೋಡಿನ್ಯಾಗ ಕೋತಿ ತುಂಬ್ಯಾವ, ಅದಕ್ಕ ಕಾಣವಲ್ದು. ಫೀ ಕಡಿಮಿ ಇಟ್ಟೀನಿ, ಸಾವಕಾಶ ಸೇರ್ತೈತಿ."

"ಜಗಳ ಬಾಜೂಕ ಇಡೋ. ಒಮ್ಮೆ ನೋಡು."

"ಸೋತಿ ಅಂತ ಒಪ್ಪಿಕೊಳ್ಳಾಕ ಬಂದಿದ್ರ ಒಳಗ ಬಾ. ಇಲ್ಲಂದ್ರ ಗಿರಾಕಿಗೆ ದಾರಿ ಬಿಡು."

ಮಸಿಯ ಚಪ್ಪಲಿಗಳು ತಿರುಗಿ ಹೋದವು. ಮೌನೇಶ ನೋಡಲಿಲ್ಲ. ನೋಡಿದ್ದರೆ ಒಂದು ದಿನ ಬಾಕಿ ಇತ್ತು.

ಶುಕ್ರವಾರದ ವಾಚನಕ್ಕೆ ಮೌನೇಶ ಹೋಗಿದ್ದ. ಬಂದವನು ಹಾರಾಡುತ್ತಿದ್ದ. ತಗಡಿನ ಥೇಟರು ನಕ್ಕು ನಡುಗಿತಂತೆ. ಹಾರ್ಮೋನಿಯಂ ಮಾಸ್ತರು ನಡುವೆಯೇ ಎದ್ದು ರಾಗ ಹಾಕಿದನಂತೆ. ಬಾಗಿಲ ಕಾಯುವವನೂ ಗೇಟು ಬಿಟ್ಟು ಒಳಗೆ ಬಂದು ಕುಳಿತನಂತೆ. ಚಂಪವ್ವ ಹೆಂಡತಿಯೂ ಆದಳು, ಹೊರಗೆ ನಿಂತ ಗಂಡನೂ ಆದಳು, ಕೀಲಿಯೂ ಆದಳು. ಅಂದಾನಯ್ಯ ಶಾಲು ಹೊದಿಸಿ, "ಇದು ನೂರು ಪ್ರಯೋಗ ಹೋಗ್ತೈತಿ," ಎಂದನಂತೆ.

ಮುಂದಿನ ವಾರ ದಾದಾಪೀರನ ಬಾಗಿಲಲ್ಲಿ ಹಳದಿ ಪೋಸ್ಟರು ಒಣಗುತ್ತಿತ್ತು. ನಾಟಕದ ಹೆಸರು ದೊಡ್ಡದಾಗಿತ್ತು. ಕೆಳಗೆ, ರಚನೆ: ಅಂದಾನಯ್ಯ. ಚಂಪವ್ವ ಅದನ್ನು ನೋಡಿ ಮಾಲೀಕನ ಬಳಿ ಹೋದಳು, ಅಲ್ಲಿಂದ ನೆಟ್ಟಗೆ ನಮ್ಮ ಅಂಗಡಿಗೆ ನಡೆದಳು. ಅವಳಿಗೆ ಗಾಬರಿ ಇರಲಿಲ್ಲ.

"ಮಾಲಕಗ ಕೇಳಿದೆ. 'ನಿನ್ನ ದನಿ ಛಲೋ ಐತಂತ ನನ್ನ ನಾಟಕಾನ ನಿನ್ನ ಕಡೆಯಿಂದ ಓದಿಸಿದ್ದೆ, ಸಾಕ್ಷಿ ಇದ್ರ ತಾ' ಅಂದ. ತಗಿ ತಮ್ಮಾ, ನಿನ್ನ ಸಾಕ್ಷಿ ತಗಿ."

ಮೌನೇಶ ನಂಬರು ಹುಡುಕಿದ. ಅದು ಯಾವ ಬ್ಲಾಕಿನಲ್ಲೂ ಇರಲಿಲ್ಲ. ಮತ್ತೆ ಹುಡುಕಿದ. ಆಮೇಲೆ ದಿನಚರಿಯ ಕಡತ ತೆರೆದು ಬುಧವಾರ ನಾನು ಬರೆದ ಸಾಲನ್ನು ಓದಿದ. ಅಲ್ಲೇ ಜರಡಿ ತೆಗೆದ, ಮತ್ತೆ ಕಳಿಸಿದ. ಅರ್ಧ ಗಂಟೆಯಲ್ಲಿ ಬ್ಲಾಕಿಗೆ ಸೇರಿತು. ವಾಚನದ ನಂತರದ ತಾರೀಖು. ಅದನ್ನು ಯಾರಾದರೂ ಕಳಿಸಬಹುದಿತ್ತು, ಅಂದಾನಯ್ಯನೂ.

ಮೌನೇಶ ಪಕ್ಕದ ಬಾಗಿಲಿಗೆ ಹಾರಿದ. "ಕಳ್ಳನ ಹೆಸರು ಅಚ್ಚು ಹಾಕ್ತೀಯೇನಲೇ? ಚಿಗವ್ವಂದಂತ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ," ಎಂದ ದಾದಾಪೀರ. ಇಬ್ಬರೂ ನಮ್ಮ ಕಟ್ಟೆಯ ಮೇಲೇ ನಿಂತಿದ್ದರು. "ಬರಕೊಟ್ಟಿದ್ದನ್ನ ಅಚ್ಚು ಹಾಕೂದು ನನ್ನ ಕೆಲಸ. ಖರೆ ಯಾವುದು ಸುಳ್ಳು ಯಾವುದು ಅಂತ ಸೋಸಾಕ ಕುಂತ್ರ ನಾನೂ ನೀನ ಆಗ್ತೀನಿ. ನಾ ಅಚ್ಚು ಹಾಕಿದೆ, ನೀ ತಡದಿ. ಯಾರು ಹೆಚ್ಚು ಕೆಡಿಸಿದ್ರು, ನೀನ ಹೇಳು."

"ಇಬ್ಬರೂ ಬಾಯಿ ಮುಚ್ಚರಿ," ಎಂದಳು ಚಂಪವ್ವ. ರಂಗದ ಮೇಲಿನ ದನಿಯಲ್ಲ, ಮನೆಯ ದನಿ. "ನಿಮ್ಮ ನಿಮ್ಮ ನ್ಯಾಯ ನಿಮ್ಮ ಹತ್ರನ ಇಟಗೋರಿ. ನನ್ನ ನಾಟಕ ಎಲ್ಲಿ, ಅದನ್ನ ಹೇಳ್ರಿ."



ಕಂಪನಿ ಮುಂದಿನ ಊರಿಗೆ ಹೋಯಿತು. ಚಂಪವ್ವನೂ ಹೋದಳು. ಆ ನಾಟಕದಲ್ಲಿ ಅವಳಿಗೆ ಅತ್ತೆಯ ಪಾತ್ರ ಕೊಟ್ಟರು. ಮಾಡಬೇಡ ಎಂದು ಮೌನೇಶ ಫೋನಿನಲ್ಲಿ ಬೇಡಿಕೊಂಡ. "ಮಾತು ನನ್ನವು. ಬ್ಯಾರೆಯವರ ಬಾಯಾಗ ಹಾಕಿ ಕೆಡಸ್ಲೇನು?" ಎಂದಳು. ನಾಟಕ ಜೋರಾಗಿ ಓಡಿತು.

ಮೌನೇಶ ಜರಡಿಯನ್ನು ಮತ್ತೆ ಹಾಕಲಿಲ್ಲ. ಅದು ಬೇಡವೆಂದು ಅವನು ಒಪ್ಪಿದ್ದೂ ಇಲ್ಲ. ಬಳಗದವರು ಬರುವುದು ನಿಲ್ಲಿಸಿದರು. "ಬಂತು!" ಎನ್ನುವ ಕೂಗೂ ನಿಂತಿತು. ಕೋತಿ, ಪ್ರೇಮಪತ್ರ, ದುಡ್ಡು, ದಾಖಲೆ ಎಲ್ಲ ಸೇರಿ ನನ್ನ ಡಿಸ್ಕ್ ಒಂದು ದಿನ ತುಂಬಿತು. ಹೊಸದು ಹಾಕುವ ಉಮೇದು ಅವನಿಗಿರಲಿಲ್ಲ. ತಂತಿ ಕಿತ್ತು ನನ್ನನ್ನು ಗುಜರಿಗೆ ಕೊಟ್ಟ.

ಈಗ ಬೆಟಗೇರಿಯ ಒಂದು ಗುಜರಿಯಲ್ಲಿ, ಮುರಿದ ಮಿಕ್ಸರುಗಳ ಪಕ್ಕ ಇದ್ದೇನೆ. ಇಲ್ಲಿ ವಾಸ ಬೇಸರವೇನಲ್ಲ. ಜರಡಿ ಬೇಕೋ ಬೇಡವೋ ಎಂಬ ಜಗಳ ಹೊರಗೆ ಇನ್ನೂ ನಡೆದಿರಬೇಕು. ಎರಡೂ ಕಡೆಯ ಮಾತು ನಾನು ಕೇಳಿದ್ದೇನೆ, ಎರಡರಲ್ಲೂ ಹುರುಳಿದೆ. ಯಾವುದು ಸರಿ ಎಂದು ಹೇಳಲು ನನಗೆ ಬಾರದು. ನಮ್ಮ ಅಂಗಡಿಯಲ್ಲಿ ಕಳೆದುಹೋದದ್ದನ್ನು ಮಾತ್ರ ಹೇಳಬಲ್ಲೆ: ಮೂರು ಅಂಕದ ಒಂದು ನಾಟಕ. ಅದರ ಏಳು ಹಾಡು. ಪೋಸ್ಟರಿನ ಮೇಲೆ ಒಂದು ಹೆಸರು. ಆರು ಜನರ ಒಂದು ಬಳಗ. ಗೆಳೆತನ, ಒಂದು.